ಮೆಟ್ಟಿಲಲ್ಲಿ ಕುಡಿದ ಕಾಫಿ

ಅಕ್ಟೋಬರ್ 11

ಬೆಳಿಗ್ಗೆಯಿಂದ ಕ್ಲಿನಿಕ್‌ನಲ್ಲಿ ಕಣ್ಣಿಗೆ ಹನಿ ಹಾಕುವುದೇ ಆಯಿತು. ಹನಿ ಹಾಕಿಸಿಕೊಂಡವರು ಬೆಂಚಿನ ಮೇಲೆ ಸಾಲಾಗಿ ಕೂತು, ಯಾವುದೂ ಸರಿಯಾಗಿ ಕಾಣದೆ, ಸುಮ್ಮಸುಮ್ಮನೆ ಒಬ್ಬರಿಗೊಬ್ಬರು ನಗುತ್ತಾರೆ. ಒಂದಷ್ಟು ಹೊತ್ತು ಎಲ್ಲರೂ ಒಳ್ಳೆಯವರು. ಈ ಕೆಲಸದಲ್ಲಿ ನನಗೆ ಇಷ್ಟವಾಗುವುದು ಇದೊಂದೇ.

ಕಿಟಕಿಯಾಚೆ ಮಂಜು ಮುಸುಕಿದ ಬಂದರು. ಹಡಗುಗಳು ನೀರಿನಲ್ಲಿವೆಯೋ ಆಕಾಶದಲ್ಲೋ ತಿಳಿಯಲಿಲ್ಲ.

ನಾಳೆ ಸಂಜೆ ಲಮಾಳನ್ನು ಹೆಣ್ಣು ಕೇಳಲು ಬರುತ್ತಾರೆ. ಹುಡುಗ ವದೀ, ಹತ್ತಿರದ ಶಫಾಅಮ್ರ್ ಊರಿನವನು. ಏಲಕ್ಕಿ ಮುಗಿದಿದೆ — ತರಬೇಕು. ಅಣ್ಣ ಹಬೀಬ್ ಎರಡು ಸಲ ಗಡ್ಡ ಬೋಳಿಸಿಕೊಂಡ. ಲಮಾ ಅವನ ಮಗಳು, ತಾಯಿಯಿಲ್ಲದ ಹುಡುಗಿ... ನಾನೇ ಸಾಕಿದ್ದು. ಅವನಿಗಿಂತ ನನಗೇ ಗಾಬರಿ ಹೆಚ್ಚು.

ಅಕ್ಟೋಬರ್ 13

ಬರೆಯಲೇಬೇಕು. ಹೈಫಾದಲ್ಲಿ ಇನ್ನಾರ ಮನೆಯಲ್ಲೂ ಹೆಣ್ಣು ಕೇಳುವ ಶಾಸ್ತ್ರ ಹೀಗಾಗಿರಲಾರದು.

ನಿನ್ನೆ ಬಂದವರಿಗೆ ಕಾಫಿ ಕೊಟ್ಟೆ. ಯಾರೂ ತುಟಿಗೆ ತಾಗಿಸಲಿಲ್ಲ. ವದೀಯ ದೊಡ್ಡಪ್ಪ ಗಂಟಲು ಸರಿಮಾಡಿಕೊಂಡು, "ನಮ್ಮ ಮಾತು ನಡೆಸಿಕೊಡೋವರೆಗೂ ನಿಮ್ಮ ಮನೆ ಕಾಫಿ ಕುಡಿಯಲ್ಲ" ಅಂತ ಶಾಸ್ತ್ರದ ಮಾತು ಆಡಿದರು. ಅಣ್ಣ ಬಾಯಿ ತೆರೆದ. ಕ್ಷಿಪಣಿ ದಾಳಿಯ ಸೈರನ್!

ಮೆಟ್ಟಿಲಿಗೆ ಓಡಿದೆವು. ಈ ಹಳೇ ಕಟ್ಟಡದಲ್ಲಿ ಅಡಗಲು ಇರುವುದು ಅದೊಂದೇ ಜಾಗ. ದೀಪ ಹೋಯಿತು. ಹಿರಿಯರು ಮಾತ್ರ ಬಟ್ಟಲು ಬಿಡಲಿಲ್ಲ. ಕುಡಿಯುವಂತಿಲ್ಲ, ಬಿಟ್ಟುಬರಲು ಮನಸ್ಸಿಲ್ಲ. ತುಂಬಿದ ಬಟ್ಟಲು ಹಿಡಿದು ಕತ್ತಲಲ್ಲಿ ಮೆಟ್ಟಿಲಿಗೊಬ್ಬರು. ಎರಡನೇ ಮಹಡಿಯ ಸಿಮೋನ್ ನೈಟಿಯಲ್ಲೇ ಹೊರಗೆ ಬಂದಳು.

"ಇದೇನೇ ನುಹಾದ್, ಮೇಲೆ ಬಾಂಬು, ಇವರ ಕೈಲಿ ಕಾಫಿ?"

"ಲಮಾನ ಕೇಳೋಕೆ ಬಂದಿದಾರೆ ಕಣೇ."

"ಹೆಣ್ಣು ಕೊಡ್ತೀವಿ ಅಂದ್ಮೇಲೇ ಕುಡಿಯೋದು ತಾಯಿ," ಅಂದರು ದೊಡ್ಡಪ್ಪ.

"ಹಬೀಬ್, ಬೇಗ ಹೂಂ ಅನ್ನಯ್ಯ! ಸಾಯೋದಾದ್ರೆ ಕಾಫಿ ಕುಡಿದಾದ್ರೂ ಸಾಯ್ಲಿ!"

ದೂರದಲ್ಲಿ ಧಡ್ ಎಂದಿತು. ಗೋಡೆ ಅದುರಿತು. ಅಣ್ಣ "ಕೊಟ್ಟೆ, ಕೊಟ್ಟೆ" ಅಂದ. ಎಲ್ಲರೂ ಒಂದೇ ಗುಟುಕಿಗೆ ಕುಡಿದರು. ಸೈರನ್ ಇನ್ನೂ ನಿಂತಿರಲಿಲ್ಲ. ನಾನು ಝಗಾರೀತ್ ಹಾಕಿದೆ — ಶುಭಕಾರ್ಯದ ಕೇಕೆ, ನಾಲಗೆ ಹೊರಳಿಸಿ, ಹೊಟ್ಟೆಯಿಂದ ಎಳೆದು. ಮೊದಲ ಸುತ್ತು ನನ್ನದು, ಎರಡನೆಯದು ಸಿಮೋನಳದು. ಎಷ್ಟೋ ವರ್ಷದಿಂದ ಈ ಕಟ್ಟಡದ ಮದುವೆಗಳಿಗೆಲ್ಲ ಹೀಗೇ. ನಮ್ಮವರದಿರಲಿ, ಯಹೂದಿಗಳದಿರಲಿ. ಮೊರಾಕೊದ ಯಹೂದಿಯಾದ ಅವಳಮ್ಮ ಅಲ್ಲಿಂದ ತಂದ ಕೇಕೆ ಅವಳದು, ಕೊನೆಯಲ್ಲಿ ಚೂರು ಒಡೆಯುತ್ತದೆ.

ಸುಖವಾಗಿತ್ತು. ಇಂಥ ದಿನಗಳಲ್ಲಿ ಇದನ್ನು ಬರೆಯಲೂ ಹೆದರಿಕೆ. ಗಾಜಾದಲ್ಲಿ ಅಮ್ಮನ ಕಡೆಯವರಿದ್ದಾರೆ. ಇದ್ದರು... ಗೊತ್ತಿಲ್ಲ.

ಅಕ್ಟೋಬರ್ 17

ಡಾಕ್ಟರ್ ಒಳಗೆ ಕರೆದರು. ಫೋನ್ ತೋರಿಸಿದರು. ಅದರಲ್ಲಿ ನಾನು.

ಕಾಫಿ ಕುಡಿದ ಮೇಲೆ ವದೀಯ ತಂಗಿ ಫೋನ್ ತೆಗೆದಿದ್ದಳಂತೆ. ಮನೆಯವರ ಗುಂಪಿಗೆ ಹಾಕಿದ್ದು. ಅಲ್ಲಿಂದ ಎಲ್ಲಿಗೆ ಹಾರಿತೋ. ಸಿಮೋನಳ ದನಿ ಬರುವ ಮೊದಲೇ ಯಾರೋ ಕತ್ತರಿಸಿದ್ದಾರೆ. ಸೈರನ್, ಕತ್ತಲು, ಫೋನ್ ಬೆಳಕಿಗೆ ನನ್ನ ಬಾಯಿ — ಅಷ್ಟೇ. ಕೆಳಗೆ ಬರಹ: ಕ್ಷಿಪಣಿ ಬಿತ್ತೆಂದು ಸಂಭ್ರಮಿಸುವ ಹೈಫಾದ ಅರಬ್ ಹೆಂಗಸು. ಒಬ್ಬ ಮಂತ್ರಿ ಅದನ್ನು ಹಂಚಿಕೊಂಡಿದ್ದಾನೆ. ಇಂಥವರ ಪೌರತ್ವ ಕಿತ್ತುಕೊಳ್ಳಬೇಕಂತೆ.

"ಸ್ವಲ್ಪ ದಿನ ಮನೇಲಿರಿ ನುಹಾದ್. ನಿಮ್ಮನ್ನ ನಾನು ಬಲ್ಲೆ. ಆದ್ರೆ ಪೇಷಂಟ್‌ಗಳು..."

ಹೊರಗೆ ಬಂದೆ. ಬೆಂಚಿನ ಮೇಲಿದ್ದವರು ಮಂಜುಗಣ್ಣಲ್ಲಿ ನನ್ನ ಕಡೆ ನೋಡಿ ನಕ್ಕರು.

ಅಕ್ಟೋಬರ್ 18

ಮಧ್ಯಾಹ್ನ ಮಲಗಿದ್ದೆ. ಕನಸು: ಸಮುದ್ರ ಮೆಟ್ಟಿಲ ಬುಡದವರೆಗೆ ಬಂದಿದೆ. ನೀರಿನ ಮೇಲೆ ಕಾಫಿ ಬಟ್ಟಲುಗಳು ನೆಟ್ಟಗೆ ತೇಲುತ್ತಿವೆ, ಒಂದು ಹನಿಯೂ ಚೆಲ್ಲದೆ. ಏಲಕ್ಕಿ ಪರಿಮಳ. ಯಾರಾದರೂ ಕುಡಿಯಲಿ ಅಂತ ಕಾಯುತ್ತಿದ್ದೇನೆ.

ಲಮಾ ಎಬ್ಬಿಸಿದಳು. "ಅತ್ತೆ, ಇಲ್ನೋಡಿ, ಈಗ ನೀವು ಸಿಂಹಿಣಿ!" ಯಾವುದೋ ದೂರದೇಶದ ಪುಟ. ಅದೇ ವೀಡಿಯೊ, ಹಿಂದೆ ತಮಟೆಯಂಥ ಸಂಗೀತ. ಹೈಫಾದ ಸಿಂಹಿಣಿ, ಶತ್ರುವಿನ ಮೇಲೆ ಬಿದ್ದ ಬೆಂಕಿಗೆ ಹಾಡುವ ತಾಯಿ! ಕೆಳಗೆ ಲಕ್ಷಗಟ್ಟಲೆ ಹೃದಯಗಳು. ಆ ಕ್ಷಿಪಣಿ ಬಿದ್ದ ಬೀದಿಯಲ್ಲಿ ಇಬ್ಬರು ಆಸ್ಪತ್ರೆ ಸೇರಿದ್ದರು. ಗೊತ್ತಿದ್ದರೆ ನಾನು ಬಾಯಿ ತೆರೆಯುತ್ತಿದ್ದೆನೆ? ಬೈದವರಿಗಿಂತ ಈ ಹೊಗಳಿದವರನ್ನು ಕಂಡು ಮೈ ಉರಿಯಿತು. ನನ್ನ ಗಂಟಲು ಯಾರ ಅಪ್ಪನ ಆಸ್ತಿ?

ಅಕ್ಟೋಬರ್ 22

ಬಾಗಿಲು ಬಡಿದು ಕರೆದುಕೊಂಡು ಹೋದರು. ಚಿಕ್ಕ ವಯಸ್ಸಿನ ಪೊಲೀಸ್, ನಿದ್ದೆಗೆಟ್ಟ ಕಣ್ಣು.

"ಯಾಕೆ ಕೇಕೆ ಹಾಕಿದೆ?"

"ಕಾಫಿ ಕುಡಿದ್ರು, ಅದಕ್ಕೆ."

"ಯಾವ ಕಾಫಿ?"

"ಏಲಕ್ಕಿ ಹಾಕಿದ್ದು."

"ಏನಮ್ಮ, ತಮಾಷೆ ಮಾಡ್ತಿದೀಯಾ?"

ಶಾಸ್ತ್ರವನ್ನೆಲ್ಲ ವಿವರಿಸಿದೆ. ಬರೆದುಕೊಂಡ. ಹಬೀಬ್ ಅದನ್ನೇ ಹೇಳಿದ್ದಾನಂತೆ, ವದೀಯ ಮನೆಯವರೂ ಅದನ್ನೇ. "ನಿಮ್ಮವರೆಲ್ಲ ಒಂದೇ ಮಾತು ಹೇಳ್ತೀರಿ. ನಿಮ್ಮವರಲ್ಲದೋರು ಯಾರಿದ್ರು ಅಲ್ಲಿ?" ಅಂತ ವದೀಯ ತಂಗಿಯ ಫೋನಿಂದ ಪಡೆದ ಪೂರ್ತಿ ವೀಡಿಯೊ ಹಾಕಿದ. ನನ್ನ ದನಿ ಮುಗಿದ ಕೂಡಲೇ, ಕತ್ತಲಿಂದ, ಕೊನೆಯಲ್ಲಿ ಚೂರು ಒಡೆಯುವ ಆ ಇನ್ನೊಂದು ದನಿ.

"ಇದು ಯಾರ್ದು?"

ಸಿಮೋನಳ ಮಗ ಎಯಾಲ್ ಸೈನ್ಯದಲ್ಲಿದ್ದಾನೆ, ಉತ್ತರದ ಗಡಿಯಲ್ಲಿ. ಅವಳ ಹೆಸರು ನಾಳೆ ಅವನ ಜೊತೆಗಾರರ ಫೋನಿಗೆಲ್ಲ ಹೋಗುತ್ತದೆ — ಶತ್ರುವಿನ ಜೊತೆ ಕೇಕೆ ಹಾಕಿದವಳ ಮಗ.

"ಪ್ರತಿಧ್ವನಿ," ಅಂದೆ. "ನಮ್ಮ ಮೆಟ್ಟಿಲಲ್ಲಿ ಹಾಗೇ ಕೇಳ್ಸತ್ತೆ."

ಅಕ್ಟೋಬರ್ 23

ಬಿಟ್ಟರು. ಕೇಸು ಮುಗಿಯುವವರೆಗೆ ಜನ ಸೇರಿದ ಕಡೆ ಕೇಕೆ ಹಾಕಿದರೆ ಮತ್ತೆ ಒಳಗೆ. ಜಾಮೀನಿಗೆ ಅಣ್ಣ ಸಹಿ ಹಾಕಿದ. ದಾರಿಯುದ್ದಕ್ಕೂ ಬೈಗುಳ.

"ನನ್ನನ್ನ ಆ ದನಿ ಬಗ್ಗೆ ಕೇಳ್ಲೇ ಇಲ್ಲ. ನೀನು ಸಿಮೋನಳ ಹೆಸರು ಹೇಳಿದ್ರೆ ಇವತ್ತೇ ಎಲ್ಲ ಮುಗೀತಿತ್ತು. ನಿನಗೇನು ತಲೆ ಕೆಟ್ಟಿದೆಯಾ?"

"ಅವಳಾಗೇ ಹೇಳ್ಬೇಕಣ್ಣ. ನಾನು ಹೇಳೋದಲ್ಲ."

"ಹೇಳ್ತಾಳೆ, ಕಾಯ್ತಿರು!"

ಕಾಯುತ್ತಿದ್ದೇನೆ. ಎರಡನೇ ಮಹಡಿ ದಾಟುವಾಗ ನಿಂತೆ. ಒಳಗೆ ಟಿ.ವಿ. ಸದ್ದು. ನನ್ನ ಚಪ್ಪಲಿ ಸದ್ದು ಕೇಳಿದ ಮೇಲೆ ಅದೂ ಸಣ್ಣದಾಯಿತು.

ನವೆಂಬರ್ 6

ತರಕಾರಿ ಅಂಗಡಿಯಲ್ಲಿ ಸಿಮೋನ್ ಎದುರಾದಳು. ಕೈಯಲ್ಲಿದ್ದ ಹೂಕೋಸನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದಳು.

"ಎಯಾಲ್ ಫೋನ್ ಮಾಡಿದ್ದ. ಅಮ್ಮ, ಅದು ನಮ್ಮ ಮೆಟ್ಟಿಲಲ್ವಾ, ನೀನು ದೂರ ಇರು ಅಂದ... ನನಗಿರೋನು ಅವನೊಬ್ಬನೇ ಕಣೇ."

"ಗೊತ್ತು ಸಿಮೋನ್."

"ಬೈದುಬಿಡೇ ನನ್ನ."

ಬೈಯಲಾಗಲಿಲ್ಲ. ಸಿಟ್ಟು ಇತ್ತು, ತುಂಬ ಇತ್ತು. ಆ ಹೂಕೋಸನ್ನು ಅವಳ ಕೈಯಿಂದ ತೆಗೆದು ಅವಳ ಚೀಲಕ್ಕೆ ಹಾಕಿದೆ.

ನವೆಂಬರ್ 15

ಮತ್ತೆ ಅದೇ ಕನಸು. ಈ ಸಲ ಬಟ್ಟಲುಗಳು ಮೂರನೇ ಮಹಡಿಗೆ ಬಂದಿದ್ದವು.

ಮದುವೆಗೆ ಇನ್ನೇನು ದಿನವಿಲ್ಲ. ಯುದ್ಧ ಮುಗಿಯಲಿ ಅಂತ ಕಾದರೆ ಹುಡುಗಿ ಮುದುಕಿಯಾಗುತ್ತಾಳೆ ಅಂತ ಎರಡೂ ಕಡೆಯವರು ಒಪ್ಪಿದ್ದಾರೆ. ಲಮಾ ಹೊರಡುವಾಗ ಕೇಕೆ ಬೇಡ ಅಂತಲೂ ಒಪ್ಪಿದ್ದಾರೆ. ನನ್ನೊಬ್ಬಳದಲ್ಲ, ಯಾರದೂ. ಕೇಕೆಯಿಲ್ಲದೆ ಮನೆಯಿಂದ ಮೆಟ್ಟಿಲಿಳಿಯುವುದು ಶವಪೆಟ್ಟಿಗೆ ಮಾತ್ರ. ಮದುಮಗಳನ್ನು ಹಾಗೆ ಇಳಿಸಿದವರನ್ನು ನಾನು ಕಂಡಿಲ್ಲ.

ದಿಂಬಿಗೆ ಬಾಯಿಟ್ಟು ಕೇಕೆ ಹಾಕಿ ನೋಡಿದೆ. ಗಾಳಿ ಮಾತ್ರ ಬಂತು. ಅತ್ತುಬಿಟ್ಟೆ.

ನವೆಂಬರ್ 20

ಲಮಾ ಮುಖ ಕೆಂಪಗೆ ಮಾಡಿಕೊಂಡು ಬಂದಳು. "ಅತ್ತೆ, ಬೈಬೇಡಿ. ಹೇಳಿಬಿಟ್ಟೆ. ಸಿಮೋನ್ ಆಂಟಿ ಮದುವೆಗೆ ಅಂತ ಮೇಜುಬಟ್ಟೆ ಕೊಡೋಕೆ ಕರೆದ್ರು. ತಡೆಯೋಕಾಗ್ಲಿಲ್ಲ. ಪೊಲೀಸ್ ಕೇಳ್ದಾಗ ಅತ್ತೆ ನಿಮ್ಮನ್ನ ಪ್ರತಿಧ್ವನಿ ಅಂದ್ರು ಅಂತ ಹೇಳ್ದೆ."

"ಏನಂದ್ಲು?"

"ಮೇಜುಬಟ್ಟೆ ಕೈಗಿಟ್ರು. ಬಾಗಿಲು ಹಾಕ್ಕೊಂಡ್ರು."

ನವೆಂಬರ್ 24, ಬೆಳಿಗ್ಗೆ

ಕೈ ಸುಮ್ಮನಿರದು, ಅದಕ್ಕೇ ಬರೆಯುತ್ತಿದ್ದೇನೆ. ಕೆಳಗೆ ವದೀಯ ಕಾರು ಬಂತು. ಮೆಟ್ಟಿಲ ತುಂಬ ಜನ, ಜನರ ಕೈಯಲ್ಲೆಲ್ಲ ಫೋನು. ಎಲ್ಲರೂ ನನ್ನ ಬಾಗಿಲ ಕಡೆಗೇ ನೋಡುತ್ತಾರೆಂದು ನಾನು ಒಳಗೇ ಉಳಿದೆ. ಲಮಾಳ ಹಣೆಗೆ ಮುತ್ತಿಟ್ಟು ಕಳಿಸಿದೆ. "ಕಾಲಿಗೆ ಲಂಗ ಸಿಕ್ಕೀತು, ನಿಧಾನ" — ಹೇಳಲಾಗಿದ್ದು ಅಷ್ಟೇ.

ಎಷ್ಟು ನಿಶ್ಶಬ್ದ. ಅವಳ ರೇಷ್ಮೆ ಮೆಟ್ಟಿಲು ಸವರಿಕೊಂಡು ಇಳಿಯುವುದು ಇಲ್ಲಿಗೂ ಕೇಳುತ್ತಿದೆ. ನಾಲ್ಕನೇ ಮಹಡಿ ಕಳೆಯಿತು. ಮೂರನೆಯದು...

ಎರಡನೇ ಮಹಡಿಯ ಚಿಲಕ.

ಯಾರೋ ಉಸಿರು ಎಳೆದುಕೊಂಡರು. ಆ ಉಸಿರು ನನಗೆ ಗೊತ್ತು —

ಸಿಮೋನ್! ಒಬ್ಬಳೇ. ಅಷ್ಟು ಫೋನುಗಳ ಮುಂದೆ. ಪೂರ್ತಿ ಗಂಟಲಲ್ಲಿ. ಈ ಸಲ ಪ್ರತಿಧ್ವನಿ ಮೊದಲು ಬಂತು. ಕೊನೆಯಲ್ಲಿ ಚೂರು ಒಡೆಯಿತು, ಈಗ ನಿಂತಿದೆ, ಕಾಯುತ್ತಿದ್ದಾಳೆ. ಎರಡನೇ ಸುತ್ತಿಗೆ ಕಾಯುತ್ತಿದ್ದಾಳೆ. ಅಣ್ಣನ ಜಾಮೀನು... ಅಯ್ಯೋ, ಕಾಯುತ್ತಿದ್ದಾಳೆ, ನಾನು —