ಗುಜರಿಯಲ್ಲಿ ನಿಂತ ಲಿಬರೇಟರ್

ಫೆಬ್ರವರಿ ೩

ಮತ್ತೆ ಫೋಟೊ ಪೆಟ್ಟಿಗೆ. ಮ್ಯೂಸಿಯಮ್ಮಿಗೆ ಯಾರೋ ಕೊಟ್ಟದ್ದು. ಧೂಳು, ಸೀನು, ಟೀ. ಒಂದರಲ್ಲಿ ಮಾತ್ರ ಕಣ್ಣು ನಿಂತಿತು — ಹಿಂಬದಿಯ ಬರಹದಂತೆ ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ನಮ್ಮ ಏರೋಡ್ರೋಮಿನ ಹಿಂದಿನ ಗುಜರಿ ಅಂಗಳ. ಒಂದು ಬಾಂಬರ್. ಗ್ಯಾಸ್ ಕಟರ್ ಹಿಡಿದವನು ಇನ್ನೇನು ಕೈ ಹಚ್ಚಬೇಕು.

ನಿರ್ದೇಶಕರು ನಿಂತಲ್ಲೇ ನೋಡಿ, "ಎರಡು ಬಾಲ, ನಾಲ್ಕು ಎಂಜಿನ್ನು. ಲ್ಯಾಂಕಾಸ್ಟರ್. ಪಟ್ಟಿಯಲ್ಲಿ ಹಾಗೇ ಬರೆದುಬಿಡಿ."

ಬರೆಯಲಿಲ್ಲ. ರೆಕ್ಕೆ ಬೆನ್ನ ಮೇಲೆ ಕೂತಿದೆ. ಮೂಗಿನ ಕೆಳಗೆ ಚಕ್ರ. ಬಾಲದ ಹಲಗೆಗಳು ಮೊಟ್ಟೆಯಾಕಾರ. ಲ್ಯಾಂಕಾಸ್ಟರ್ ಹೀಗಿರುವುದಿಲ್ಲ; ಇದು ಲಿಬರೇಟರ್. ಬೇಕಾದರೆ ಪಂದ್ಯ ಕಟ್ಟುತ್ತೇನೆ.

ಫೆಬ್ರವರಿ ೪

ಭೂತಗನ್ನಡಿಗೆ ಇನ್ನೊಂದು ಸಿಕ್ಕಿತು. ಬಾಲದ ಬಂದೂಕಿನ ಗೂಡಿನ ಕೆಳಗೆ ಯಾರೋ ಸೊಟ್ಟಗೆ ಬರೆದ ಹುಂಜ. ಯಾವ ವಿಮಾನವೆಂದು ಹೇಳಲು ಅಷ್ಟು ಸಾಕು, ಹೇಳುವವರು ಸಿಕ್ಕರೆ. ಮನೆಯಲ್ಲೇ ಇದ್ದಾರಲ್ಲ! ಮಾವ ಇಲ್ಲಿಂದಲೇ ಲಿಬರೇಟರಿನಲ್ಲಿ ಹಾರುತ್ತಿದ್ದವರು, ಬಾಲದ ಬಂದೂಕುಗಾರ. ಯುದ್ಧದ ಮಾತೆತ್ತಿದರೆ ಎದ್ದು ಹೋಗುತ್ತಾರೆ. ಹೋಗಲಿ, ಕೇಳುವುದೇ.

ಅದೇ ದಿನ, ಸಂಜೆ

ಫೋಟೊ ಕೊಟ್ಟು ನಿರ್ದೇಶಕರ ತೀರ್ಪನ್ನೂ ಹೇಳಿದೆ.

"ಲ್ಯಾಂಕಾಸ್ಟರಾ? ಅವರಿಗೆ ಕಣ್ಣಿಲ್ವೇನಮ್ಮ?"

ಗೆದ್ದೆ! ಹುಂಜದ ವಿಷಯ ತೆಗೆದೆ. ಮಾವನ ಕೈಲಿದ್ದ ಲೋಟ ಅರ್ಧಕ್ಕೇ ನಿಂತಿತು.

"ಅದಕ್ಕೆ ಒಂದೇ ಕಾಲಾ?"

ಭೂತಗನ್ನಡಿ ಇಟ್ಟು ನೋಡಿದೆ. ಒಂದೇ.

"ಬಣ್ಣ ಮುಗಿದುಹೋಯ್ತು. ಬರೆದವನು ನಾನೇ."

ಆಮೇಲೆ ಒಂದೊಂದಾಗಿ ಬಂತು... ಮಾವ ಜ್ವರದಲ್ಲಿ ಆಸ್ಪತ್ರೆ ಸೇರಿದ್ದಾಗ ಅವರ ಜಾಗಕ್ಕೆ ಗೆಳೆಯ ಹತ್ತಿದ್ದ. ಆ ಹುಂಜದ ವಿಮಾನ ಸಮುದ್ರದ ಪಾಲಾಯಿತೆಂದು ವಾರ್ಡಿನಲ್ಲಿ ಸುದ್ದಿ. ಗುಣವಾದ ಮಾವನನ್ನು ಸೀದಾ ಮನೆಗೆ ಕಳಿಸಿದರು. ಯಾರನ್ನೂ ವಿಚಾರಿಸುವ ಧೈರ್ಯ ಬರಲಿಲ್ಲ. ನಲವತ್ತು ವರ್ಷ ಗೆಳೆಯ ಸತ್ತನೆಂದೇ ನಂಬಿದ್ದರು!

"ಮಾವ, ಇದು ಯುದ್ಧ ಮುಗಿದ ಮೇಲಿನ ಫೋಟೊ. ಮುಳುಗಿದ್ದು ಗುಜರಿಗೆ ಬರುತ್ತಾ? ನೋಡಿ, ತನ್ನ ಚಕ್ರದ ಮೇಲೆ ನಿಂತಿದೆ. ವಾಪಸ್ ಬಂದಿದೆ."

"ಖಾತ್ರಿನಾ?"

"ಖಾತ್ರಿ."

"ಇನ್ನೊಂದ್ಸಲ ಹೇಳು."

ಫೆಬ್ರವರಿ ೧೯

ಬರೆಯಲು ಪುರುಸೊತ್ತೇ ಇಲ್ಲ. ಮಾಜಿ ಸೈನಿಕರ ಸಂಘಕ್ಕೆ ಫೋನಿನ ಮೇಲೆ ಫೋನು. ನನ್ನ ಕಾಟ ತಾಳಲಾರದೆ ಇವತ್ತು ಆ ವಿಮಾನದ ವಿವರ ಹುಡುಕಿ ಕೊಟ್ಟರು. ಅಂದು ಇಂಧನ ಮುಗಿದು ಬೇರೆಲ್ಲೋ ಇಳಿದಿದ್ದರಂತೆ, ಎಲ್ಲರೂ ಕ್ಷೇಮ. ಗೆಳೆಯ ಈಗಲೂ ಬದುಕಿದ್ದಾರೆ! ನಂಬರೂ ಸಿಕ್ಕಿತು.

ಮಾವ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಬಂದರು.

"ಫೋನಲ್ಲಿ ಕಾಣಲ್ಲ ಮಾವ."

"ಗೊತ್ತು, ನೀನು ತಿರುಗಿಸು."

ತಿರುಗಿಸಿದೆ. ಆ ಕಡೆ ಎತ್ತಿದರು. ರಿಸೀವರ್ ಕೊಟ್ಟೆ.

"ನಾನು ಕಣೋ," ಎಂದರು ಮಾವ. ನಾನು ಒಳಗೆ ಬಂದುಬಿಟ್ಟೆ.

ಈಗ ಹಜಾರದಲ್ಲಿ ಮಾವನ ನಗು. ಜೋರು ನಗು. ಸೊಸೆಯಾಗಿ ಈ ಮನೆಗೆ ಬಂದ ಮೇಲೆ ಕೇಳಿದ್ದಿಲ್ಲ... ನನ್ನ ಹೆಸರು ಕೂಗುತ್ತಿದ್ದಾರೆ — ಆ ಗೆಳೆಯರು ನನ್ನ ಹತ್ತಿರವೂ ಮಾತಾಡಬೇಕಂತೆ. ಬಂದೆ ಮಾ—