ಇನ್ನೆರಡು ದಿನ

ಬ್ರೂವರಿ, ಮಾಳಿಗೆಯ ಕೋಣೆ
ನವೆಂಬರ್ 18, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಗುಂಡು,

ಇಲ್ಲಿ ಎಲ್ಲರೂ ಕ್ಷೇಮ ಎಂದು ಶುರುಮಾಡಬೇಕಿತ್ತು. ಈ ಮನೆಯಲ್ಲಿ ಈಗ ‘ಎಲ್ಲರೂ’ ಅಂದರೆ ನಾನೊಬ್ಬನೇ. ನನ್ನ ಕ್ಷೇಮದ ಬಗ್ಗೆ ನನಗೇ ಅಷ್ಟು ಖಾತ್ರಿ ಇಲ್ಲದ್ದರಿಂದ ಆ ಸಾಲನ್ನು ಬಿಟ್ಟಿದ್ದೇನೆ. ನೀನು, ನಿನ್ನ ಹೆಂಡತಿ, ಮಗಳು ಚೆನ್ನಾಗಿದ್ದೀರಿ ಅಂದುಕೊಂಡಿದ್ದೇನೆ. ಮಗಳ ಕೆಮ್ಮು ಬಿಟ್ಟಿತೇ?

ನಿನ್ನ ಕಾಗದ ಬಂದು ಎರಡು ತಿಂಗಳ ಮೇಲಾಯಿತು. ಕೆಲಸವಿತ್ತು, ಪುರುಸೊತ್ತಾಗಲಿಲ್ಲ ಎಂದು ಬರೆದರೆ ನೀನು ನಗುತ್ತೀಯ. ನಾಲ್ಕು ಟ್ಯಾಂಕ್‌ಗಳಲ್ಲಿ ಮೂರು ಖಾಲಿ ಇಟ್ಟುಕೊಂಡು ಕೂತವನಿಗೆ ಏನು ಕೆಲಸ? ನಾಚಿಕೆಯಾಗಿ ಬರೆಯಲಿಲ್ಲ, ಅಷ್ಟೇ. ಆಗಸ್ಟ್‌ನಲ್ಲಿ ನೀನು ನಿನ್ನ ಬಿಯರ್ ಅಂಗಡಿಯಿಂದ ಫೋನ್ ಮಾಡಿ, “ಭಾವ, ಬೇಜಾರು ಮಾಡ್ಕೋಬೇಡಿ, ಈ ಸಲದ ಲಾಗರ್ ಬೆಣ್ಣೆ ವಾಸನೆ ಹೊಡೀತಿದೆ, ವಾಪಸ್ ಕಳಿಸ್ತಿದ್ದೀನಿ” ಅಂದಾಗ ನಾನು ಆಡಿದ ಮಾತು ನಿನಗೂ ನೆನಪಿದೆ, ನನಗೂ ನೆನಪಿದೆ. ಗ್ಲಾಸು ಹಿಡಿಯುವುದನ್ನು ನಿನಗೆ ಕಲಿಸಿದವನು ನಾನು, ನನಗೇ ಪಾಠ ಹೇಳುವಷ್ಟು ನಿನ್ನ ಮೂಗು ಉದ್ದವಾಯಿತೇ ಅಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಮಾನ ಉಳಿಯುತ್ತಿತ್ತು. ಅಕ್ಕ ಹೋದ ಮೇಲೆ ಸಂಬಂಧ ಕಡಿದುಕೊಳ್ಳಲು ನೆಪ ಹುಡುಕುತ್ತಿದ್ದೀಯ ಎಂದೂ ಅಂದುಬಿಟ್ಟೆ. ನೀನು ಫೋನ್ ಇಟ್ಟೆ. ಆಮೇಲೆ ತಿಂಗಳು ಕಳೆದು ನೀನೇ ಸೋತು ಕಾಗದ ಬರೆದೆ. ಆ ಕಾಗದದಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ: “ಏಪ್ರಿಲ್ ಕೊನೇಲಿ ಕಳಿಸಿದ್ರಲ್ಲ ಭಾವ, ಆ ಲಾಗರ್ ಹೇಗೆ ಮಾಡಿದ್ರಿ? ಅಂಥದ್ದು ನಾನು ಎಲ್ಲೂ ಕುಡಿದಿಲ್ಲ. ಅದನ್ನೇ ಮತ್ತೆ ಮಾಡಿ, ಸಾಕು.”

ಅದಕ್ಕೆ ಉತ್ತರ ಕೊಡುತ್ತೇನೆ. ಸ್ವಲ್ಪ ತಡೆದುಕೋ. ಮೊದಲು ಬೆಣ್ಣೆಯ ವಿಷಯ.

ನೀನು ವಾಪಸ್ ಕಳಿಸಿದ ಪೀಪಾಯಿಗಳನ್ನು ನಾನು ಹಿಂದಿನ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ್ದೆ. ದಿನವೂ ಒಂದೊಂದು ಲೋಟ ಸುರಿದುಕೊಂಡು ಮೂಸುವುದು, ಕುಡಿಯುವುದು, ನಿನ್ನನ್ನು ಬೈಯುವುದು. ನನ್ನ ಪಾಲಿಗೆ ಅದರಲ್ಲಿ ಒಂದು ಕುಂದೂ ಇರಲಿಲ್ಲ. ಬಾಯ್ಲರ್ ನೋಡಿಕೊಳ್ಳುವ ಮೇಸ್ತ್ರಿ ಗೊತ್ತಲ್ಲ, ಇಪ್ಪತ್ತೆರಡು ವರ್ಷದಿಂದ ಜೊತೆಗಿರುವವನು, ನಾನು ಕೂಗಾಡಿದರೆ ಕಿವಿಯ ಹತ್ತಿಯನ್ನು ಇನ್ನಷ್ಟು ಒಳಗೆ ತಳ್ಳಿಕೊಳ್ಳುವವನು. ಹದಿನೈದು ದಿನದ ಕೆಳಗೆ ಅವನು ಮೂರು ಗ್ಲಾಸುಗಳನ್ನು ತಂದು ನನ್ನ ಮೇಜಿನ ಮೇಲಿಟ್ಟ. “ಎರಡ್ರಲ್ಲಿ ಸೇತುವೆಯಾಚೆ ಮೇಷ್ಟ್ರ ಬ್ರೂವರಿಯ ಒಳ್ಳೇ ಲಾಗರ್ ಇದೆ. ಒಂದ್ರಲ್ಲಿ ಗುಂಡಣ್ಣ ವಾಪಸ್ ಕಳಿಸಿದ್ದು. ಯಾವುದು ಹೇಳಿ ಸಾರ್” ಅಂದ.

ನಾನು ಮೂಗು ಮುರಿದೇ ಮೂಸಿದೆ. ಮೊದಲನೆಯದು ಅಂದೆ. ತಪ್ಪು. ನನ್ನನ್ನು ಹೊರಗೆ ಕಳಿಸಿ ಗ್ಲಾಸು ಅದಲುಬದಲು ಮಾಡಿದ. ಮತ್ತೆ ತಪ್ಪು. ಐದು ಸಲ ನೋಡಿದೆ, ಸರಿಯಾದದ್ದು ಒಂದೇ ಸಲ. ಕಣ್ಣು ಮುಚ್ಚಿ ಬೆರಳು ಇಟ್ಟಿದ್ದರೂ ಅಷ್ಟು ಸಿಗುತ್ತಿತ್ತು. ಅಷ್ಟರಲ್ಲಿ ಲೇಬಲಮ್ಮ, ಅಂದರೆ ಬಾಟಲಿಗೆ ಲೇಬಲ್ ಅಂಟಿಸುವ ನಮ್ಮ ಹೆಂಗಸು, ಅಂಟು ಮೆತ್ತಿದ ಕೈಯಲ್ಲೇ ಒಳಗೆ ಬಂದಳು. ಕೂರಲೂ ಇಲ್ಲ. ಬಗ್ಗಿ ಒಂದೇ ಸಲ ಮೂಸಿ, “ಮಧ್ಯದ್ದು. ಅಯ್ಯೋ ದೇವ್ರೇ, ಬಿಸ್ಕತ್ ಡಬ್ಬಿ ಮುಚ್ಚಳ ತೆಗೆದ ಹಾಗಿದೆ” ಅಂದಳು.

ನನ್ನ ಮುಖ ಹೇಗಿತ್ತೋ ಏನೋ, ಮೇಸ್ತ್ರಿ ಕುರ್ಚಿ ಎಳೆದುಕೊಂಡು ಕೂತ. ನನ್ನ ಎದುರು ಅವನು ಕೂತದ್ದು ಅದೇ ಮೊದಲು. “ನಿಮಗೆ ಆ ಒಂದು ವಾಸನೆ ಗೊತ್ತಾಗಲ್ಲ ಸಾರ್. ಯಾವತ್ತೂ ಗೊತ್ತಾಗಿಲ್ಲ. ಅಮ್ಮ ಇರೋವರೆಗೂ ಅಮ್ಮ ನೋಡ್ಕೊಳ್ತಿದ್ರು. ಅವರಿಗೆ ಹೇಳಿದ್ರೆ ನೋಡಿ, ಕೆಲಸದಿಂದ ತೆಗೆದುಹಾಕ್ತೀನಿ ಅಂತ ನಮ್ಮನ್ನ ಹೆದರಿಸಿದ್ರು” ಅಂದ.

ಓದಿ ನೋಡಿದೆ. ಕೆಲವರಿಗೆ ಹುಟ್ಟಿನಿಂದಲೇ ಹಾಗಂತೆ. ಬೇರೆಲ್ಲ ವಾಸನೆ ಸರಿಯಾಗಿ ತಿಳಿಯುತ್ತದೆ, ಅದೊಂದು ಮಾತ್ರ ಇಲ್ಲ. ಯೀಸ್ಟ್ ತನ್ನ ಕೆಲಸ ಮಾಡುವಾಗ ಬೆಣ್ಣೆಯ ವಾಸನೆ ಬಿಡುತ್ತದೆ. ಅವಸರ ಮಾಡದೆ ಇನ್ನೆರಡು ದಿನ ಬಿಟ್ಟರೆ ತಾನು ಮಾಡಿದ ಕೊಳೆಯನ್ನು ತಾನೇ ತಿಂದು ತೊಳೆಯುತ್ತದೆ. ಇದು ನನಗೆ ಪುಸ್ತಕದಿಂದ ಗೊತ್ತು, ಹತ್ತು ಜನಕ್ಕೆ ಹೇಳಿಕೊಟ್ಟಿದ್ದೇನೆ ಕೂಡ. ಆದರೆ ಆ ಎರಡು ದಿನ ಯಾವಾಗ ಬೇಕು, ಯಾವಾಗ ಬೇಡ ಎಂದು ತಿಳಿಯಬೇಕಾದರೆ ಮೂಗು ಬೇಕು. ಅದು ನಿನ್ನ ಅಕ್ಕನ ಹತ್ತಿರ ಇತ್ತು.

ನೆನಪಿದೆಯಾ ನಿನಗೆ? ಟ್ಯಾಂಕಿನಿಂದ ಅರ್ಧ ಲೋಟ ಬಿಯರ್ ಹಿಡಿದು, ಅದನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು, ಮೇಲೊಂದು ತಟ್ಟೆ ಮುಚ್ಚಿ, ಅರ್ಧ ಗಂಟೆ ಬಿಟ್ಟು ಮೂಸುತ್ತಿದ್ದಳು. ಬಿಸಿ ಮಾಡಿದರೆ ಅಡಗಿದ್ದ ಬೆಣ್ಣೆ ಮೇಲೆ ಬರುತ್ತದೆ. ತಣ್ಣನೆಯದು ಕುಡಿದರೆ ಇವಳ ಹಲ್ಲು ಜುಮ್ಮೆನ್ನುತ್ತದೆ, ಅದಕ್ಕೇ ಬಿಸಿ ಮಾಡಿಕೊಳ್ಳುತ್ತಾಳೆ ಎಂದು ನಾನು ಊರಿಗೆಲ್ಲ ಹೇಳಿ ನಗುತ್ತಿದ್ದೆ. ಅವಳೂ ನಗುತ್ತಿದ್ದಳು. ಆಮೇಲೆ ಟ್ಯಾಂಕಿನ ಹಲಗೆಯಲ್ಲಿ ಬಾಟಲಿಗೆ ತುಂಬುವ ದಿನ ನಾನು ‘ಸೋಮವಾರ’ ಎಂದು ಬರೆದದ್ದನ್ನು ಒರೆಸಿ ‘ಬುಧವಾರ’ ಮಾಡುತ್ತಿದ್ದಳು. ನಾನು ರೇಗಿದರೆ, “ಇನ್ನೆರಡು ದಿನ ಇರಲಿ ಬಿಡಿ, ಏನು ಕೊಳ್ಳೆ ಹೋಗುತ್ತೆ?” ಅಷ್ಟೇ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ. ಮದುವೆಗೆ ಒಪ್ಪಿಗೆ ಕೇಳಿದಾಗಲೂ ಎರಡು ದಿನ ಬೇಕು ಅಂದವಳು, ಇವಳಿಗೆ ಎಲ್ಲಕ್ಕೂ ಎರಡು ದಿನ ಎಂದು ನಾನು ಆಡಿಕೊಂಡೆ. ಇಪ್ಪತ್ತಾರು ವರ್ಷ ಆಡಿಕೊಂಡೆ, ಗುಂಡು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಅವಳು ಅನ್ನುತ್ತಿದ್ದಳು. ಅಷ್ಟು ಜಾಗ ಸಿಟ್ಟಿಗೇ ಹೋದ ಮೇಲೆ ಬೆಣ್ಣೆಗೆ ಎಲ್ಲಿ ಜಾಗ?

ಅವಳು ನನಗೆ ಮೊದಲೇ ಯಾಕೆ ಹೇಳಲಿಲ್ಲವಂತೆ ಎಂದು ಮೇಸ್ತ್ರಿಯನ್ನು ಕೇಳಿದೆ. “ಅವರ ಮೂಗೇ ಅವರ ಬಂಡವಾಳ, ಅದು ಒಡೆದ್ರೆ ಮನುಷ್ಯ ಉಳಿಯಲ್ಲ ಅಂತಿದ್ರು” ಅಂದ. ಹೌದು, ಉಳಿದಿಲ್ಲ. ಈಗ ಒಂದು ಸಾಲು ಬರೆದರೆ ಎರಡು ಸಲ ಓದುತ್ತೇನೆ, ಇದರಲ್ಲಿ ನನಗೆ ಕಾಣದ್ದು ಏನಿದೆಯೋ ಎಂದು.

ಇರಲಿ. ಈ ಕಾಗದದ ಜೊತೆ ಒಂದು ಪೆಟ್ಟಿಗೆ ಕಳಿಸುತ್ತಿದ್ದೇನೆ, ಐದು ಬಾಟಲಿ. ನಿನ್ನ ಬಾಗಿಲ ಹಲಗೆಯಲ್ಲಿ ‘ಈ ವಾರ ಕುಡಿಯಲೇಬೇಕಾದ್ದು’ ಎಂದು ಬರೆಯುತ್ತೀಯಲ್ಲ, ಅದಕ್ಕೆ ಶಿಫಾರಸು ಮಾಡುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಹೆದರಬೇಡ, ಲೇಬಲಮ್ಮ ಮೂಸಿ ಒಪ್ಪಿದ ಮೇಲೆಯೇ ಪೆಟ್ಟಿಗೆಗೆ ಹಾಕಿದ್ದು.

ಮೊದಲು ಗೋಧಿಯದ್ದನ್ನು ತೆಗೆ. ಫ್ರಿಜ್ಜಿನಿಂದ ತೆಗೆದು ಹತ್ತು ನಿಮಿಷ ಹೊರಗಿಡು. ಮರಗಟ್ಟುವಷ್ಟು ತಣ್ಣಗಿದ್ದರೆ ಯಾವ ಬಿಯರೂ ಬಾಯಿ ಬಿಡುವುದಿಲ್ಲ. ಮುಕ್ಕಾಲು ಸುರಿದು, ತಳದ ಮಡ್ಡಿಯನ್ನು ಒಮ್ಮೆ ಕುಲುಕಿ ಉಳಿದದ್ದನ್ನು ಸುರಿ. ಮಾಗಿದ ಬಾಳೆಹಣ್ಣು, ಹಿಂದೆಯೇ ಸಣ್ಣಗೆ ಲವಂಗ. ಆಮೇಲೆ ಕಹಿ ಏಲ್. ಅದರಲ್ಲಿ ಹಾಪ್ಸ್, ಆ ಕಹಿ ಹೂ, ಸ್ವಲ್ಪ ಧಾರಾಳವಾಯಿತು, ಕಿತ್ತಳೆ ಸಿಪ್ಪೆಯನ್ನು ಉಗುರಲ್ಲಿ ಚಿವುಟಿದ ಹಾಗಿದೆ. ನಿನ್ನ ಅಂಗಡಿಗೆ ಬರುವ ಆ ಗಟಗಟ ಗಿರಾಕಿಗೆ ಮಾತ್ರ ಇದನ್ನು ಕೊಡಬೇಡ, ದಂಡ. ಮೂರನೆಯದು, ಆ ಕಪ್ಪು ಸ್ಟೌಟನ್ನು, ಫ್ರಿಜ್ಜಿನಲ್ಲಿ ಇಡಲೇಬೇಡ. ಸುಟ್ಟ ಬ್ರೆಡ್ಡಿನ ಅಂಚು, ಕಾಫಿಪುಡಿ. ಒಂದು ಗುಟುಕಿಗೂ ಇನ್ನೊಂದಕ್ಕೂ ನಡುವೆ ಒಂದು ಮಾತಾಡುವಷ್ಟು ಹೊತ್ತು ಬಿಡು. ಅದನ್ನು ಒಬ್ಬನೇ ಕುಡಿಯಬೇಡ. ನಾನು ಒಬ್ಬನೇ ಕುಡಿದು ನೋಡಿದ್ದೇನೆ, ರುಚಿ ಅಷ್ಟೇ ಇರುತ್ತದೆ, ಆದರೆ ಲೋಟ ಕೆಳಗಿಟ್ಟಾಗ ಸದ್ದು ಜಾಸ್ತಿ.

ನಾಲ್ಕನೆಯದು ನನ್ನದಲ್ಲ. ಸೇತುವೆಯಾಚೆ ಬ್ರೂವರಿ ಇಟ್ಟಿರುವ ಆ ಹಳೇ ಸ್ಕೂಲು ಮೇಷ್ಟ್ರ ಲಾಗರ್. ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಕೈ ಬಿಯರನ್ನೂ ಮಗ್ಗಿಯ ಹಾಗೇ ಮಾಡುತ್ತದೆ ಎಂದು ಹದಿನೈದು ವರ್ಷ ಹಂಗಿಸಿದ್ದೆ. ಹೋದ ವಾರ ನಾನೇ ಹೋಗಿ ಕೇಳಿ ತಂದೆ. ಸ್ವಚ್ಛ, ಸಪೂರ, ಎಲ್ಲೂ ಒಂದು ಅಕ್ಷರ ತಪ್ಪಿಲ್ಲ. ಇದನ್ನು ಹಲಗೆಯಲ್ಲಿ ಬರೆ. ನನ್ನದಕ್ಕಿಂತ ಮೇಲೆ ಬರೆ.

ಐದನೆಯದಕ್ಕೆ ಲೇಬಲ್ ಇಲ್ಲ. ನೀನು ಕೇಳಿದ ಏಪ್ರಿಲ್ ಲಾಗರ್ ಅದೇ. ಇದೇ ಕೊನೇ ಬಾಟಲಿ. ಕಾಗದ ಪೂರ್ತಿ ಓದುವವರೆಗೆ ತೆಗೆಯಬೇಡ.

ಇನ್ನು ನನ್ನ ಬೇಡಿಕೆ. ನಾಲ್ಕನೇ ಟ್ಯಾಂಕಿನಲ್ಲಿ ಒಂದು ಲಾಗರ್ ಕೂತಿದೆ. ಲೇಬಲಮ್ಮ “ಬೆಣ್ಣೆ ಇದೆಯೋ ಇಲ್ವೋ ಅನ್ನೋ ಹಾಗಿದೆ ಸಾರ್, ನನಗೆ ಧೈರ್ಯ ಸಾಲದು” ಅನ್ನುತ್ತಾಳೆ. ನೀನು ಒಂದು ದಿನದ ಮಟ್ಟಿಗೆ ಬಂದು ಮೂಸಿ ಹೇಳಿದರೆ ಅದನ್ನು ಬಾಟಲಿಗೆ ತುಂಬುತ್ತೇನೆ. ನೀನು ಬರುವುದಿಲ್ಲವಾದರೆ ಚರಂಡಿಗೆ ಬಿಟ್ಟು ಬಾಗಿಲು ಹಾಕುತ್ತೇನೆ. ಹೆದರಿಸುತ್ತಿಲ್ಲ ಮಾರಾಯ. ಮೂಗಿಲ್ಲದೆ ಈ ಕೆಲಸ ಆಗುವುದಿಲ್ಲ, ನಿನ್ನ ಅಕ್ಕನ ಮೂಗು ಈಗ ನಿನ್ನೊಬ್ಬನ ಮುಖದಲ್ಲಿ ಮಾತ್ರ ಇದೆ. ಹುಟ್ಟಿದಾಗ ಗುಂಡಗಿದ್ದೆ ಎಂದು ಅವಳು ನಿನಗೆ ಗುಂಡು ಎಂದು ಹೆಸರಿಟ್ಟಳಂತೆ. ಗುಂಡು ಹಾಕುವವರಿಗೇ ಅಂಗಡಿ ತೆರೆಯುತ್ತೀಯ ಎಂದು ಆಗಲೇ ಅವಳಿಗೆ ವಾಸನೆ ಬಡಿದಿರಬೇಕು.

ನಿನ್ನ ಹೆಂಡತಿಗೆ ನನ್ನ ನಮಸ್ಕಾರ, ಮಗಳ ತಲೆ ಸವರಿ ಒಂದು ಮುತ್ತು. ನಿನ್ನ ಅಂಗಡಿ ತುಂಬಿರಲಿ, ನಿನ್ನ ಮೂಗಿಗೆ ನೆಗಡಿ ಬಾರದಿರಲಿ, ನೂರು ವರ್ಷ ಬಾಳು. ಆಶೀರ್ವಾದ ಮಾಡುವ ಯೋಗ್ಯತೆ ನನಗಿಲ್ಲದಿದ್ದರೂ ವಯಸ್ಸಂತೂ ಆಗಿದೆ.

ಇಂತಿ ನಿನ್ನ
ಭಾವ

ತಾ.ಕ.: ಪ್ರಶ್ನೆಗೆ ಉತ್ತರ ಕೊಡುತ್ತೇನೆ ಅಂದಿದ್ದೆ. ಏಪ್ರಿಲ್‌ನಲ್ಲಿ ನಿನ್ನ ಅಕ್ಕನ ಕಾರ್ಯವೆಲ್ಲ ಮುಗಿದ ಮೇಲೆ ಮೆಟ್ಟಿಲ ಮೇಲೆ ಕೂತು ನೀನು ಕೇಳಿದೆ, “ಅಕ್ಕ ಅಂಥ ಸ್ಥಿತೀಲಿದ್ದಾಗ ಬಿಯರ್ ಸ್ಪರ್ಧೆಗೆ ಯಾಕೆ ಹೋದ್ರಿ ಭಾವ?” ನಾನು, “ಅವಳೇ ಹೋಗಿ ಬನ್ನಿ ಅಂದಳು” ಅಂದೆ. “ಅಕ್ಕ ಅಂದಿದ್ರೆ ಸರಿ” ಅಂದು ನೀನು ನನ್ನ ಹೆಗಲು ಹಿಡಿದುಕೊಂಡೆ.

ಅವಳು ಹಾಗೆ ಅನ್ನಲಿಲ್ಲ. ಅವತ್ತು ಬೆಳಿಗ್ಗೆ ನಾನು ಕೋಟು ಹಾಕಿಕೊಂಡು, ಚೀಲ ಹಿಡಿದು, ಅವಳ ಮಂಚದ ಹತ್ತಿರ ನಿಂತು “ಹೊರಡಲಾ?” ಅಂದೆ. ಅವಳು ಕಣ್ಣು ತೆರೆದು, “ಇನ್ನೆರಡು ದಿನ...” ಅಂದಳು. ಅಷ್ಟೇ. ಮುಂದೆ ಹೇಳಲು ಉಸಿರು ಸಾಲಲಿಲ್ಲ. ನಾನು ಮೂರನೇ ಟ್ಯಾಂಕಿನ ವಿಷಯ ಅಂದುಕೊಂಡೆ. ಒಮ್ಮೆಯಾದರೂ ಜಗಳವಾಡದೆ ಅವಳ ಮಾತು ನಡೆಸೋಣ ಎಂದು ಅಲ್ಲಿಯೇ ನಿಂತು ಮೇಸ್ತ್ರಿಗೆ ಫೋನ್ ಮಾಡಿ, “ಮೂರನೇದು ಇನ್ನೆರಡು ದಿನ ಇರಲಿ” ಅಂದೆ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು. ಅವಳು ಎಲ್ಲ ಕೇಳಿಸಿಕೊಂಡು, ಸ್ವಲ್ಪ ನಕ್ಕು, “ಸರಿ” ಅಂದಳು. ಆ ‘ಸರಿ’ಯನ್ನೇ ನಾನು ‘ಹೋಗಿ ಬನ್ನಿ’ ಮಾಡಿ ನಿಮಗೆಲ್ಲ ಹೇಳಿದ್ದು. ಎರಡನೇ ದಿನ ಮಧ್ಯಾಹ್ನ ಅವಳು ಹೋದಾಗ ನಾನು ಅಲ್ಲಿ ಯಾರದೋ ಸ್ಟೌಟಿಗೆ ಅಂಕ ಹಾಕುತ್ತಿದ್ದೆ.

ಆ ಮೂರು ಗ್ಲಾಸುಗಳ ದಿನ ಮೇಸ್ತ್ರಿ ಏಳುವಾಗ ಇನ್ನೊಂದು ಮಾತು ಹೇಳಿದ. “ಆ ಮೂರನೇ ಟ್ಯಾಂಕಿಂದು ಹಿಂದಿನ ವಾರವೇ ಮನೆಗೆ ತಂದು ಅಮ್ಮನಿಗೆ ಮೂಸಿಸಿದ್ದೆ ಸಾರ್. ಇದು ಆಗಿದೆ, ತುಂಬಿಸಿ ಅಂದಿದ್ರು. ಮತ್ತೆ ಎರಡು ದಿನ ಯಾಕೆ ಅಂದ್ರಿ ನೀವು?”

ನಿನಗೆ ಬಲು ಹಿಡಿಸಿದ ಬಿಯರ್ ಮಾಡಿದ್ದು ಹೀಗೆ. ಇನ್ನೆರಡು ದಿನ ಇರಿ ಎಂದು ಅವಳು ಕೇಳಿದ್ದು ನನ್ನನ್ನು, ಗುಂಡು. ನನಗೆ ತಿಳಿಯಲಿಲ್ಲ ಎಂದು ಅವಳಿಗೆ ಆ ಫೋನಿನಲ್ಲೇ ಗೊತ್ತಾಯಿತು. ಗೊತ್ತಾದರೂ, ಬೆಣ್ಣೆಯ ವಿಷಯದಲ್ಲಿ ಮಾಡಿದ ಹಾಗೇ, ನನಗೆ ಹೇಳಲಿಲ್ಲ.