ಷರಾ ಕಾಲಮ್ಮಿನ ಹಸಿವು

ಮಾರ್ಚ್ 4, ಬೆಳಗ್ಗೆ 7

ತೂಕದ ಯಂತ್ರ ಹತ್ತುವ ಮುನ್ನ ಚಿಕ್ಕಮ್ಮ ಹೇರ್‌ಪಿನ್ನುಗಳನ್ನೂ ತೆಗೆದಿಟ್ಟಳು. ಮೂರು ಪಿನ್ನು. ಆಮೇಲೆ ಕೊರಳಲ್ಲಿದ್ದ ಅಳತೆ ಟೇಪು. ಆದರೂ ಮುಳ್ಳು ನಿನ್ನೆಯ ಜಾಗದಲ್ಲೇ.

"ನಿಮ್ಮ ಮೇಡಂಗೆ ಹೇಳು, ಟೇಪಿನ ಭಾರ ಕಳೆದೇ ತೂಗಿದ್ದೀನಿ ಅಂತ."

ನಗಿಸಲು ಹೇಳಿದ್ದು. ನಗು ಬರಲಿಲ್ಲ. ಮಂಡಿ ನೋವಿಗೆ ಡಾಕ್ಟರ್ ಇಳಿಸಲು ಹೇಳಿದ್ದು ಎಂಟು ಕಿಲೋ. ಇಳಿಯದಿದ್ದರೆ ಹೊಲಿಗೆ ಮೆಷಿನ್ ತುಳಿಯುವುದು ನಿಲ್ಲಿಸಬೇಕಂತೆ. ಮೆಷಿನ್ ಸದ್ದಿಲ್ಲದ ಚಿಕ್ಕಮ್ಮ... ಊಹಿಸಲಾರೆ. ನಾನು ಕೆಲಸ ಮಾಡುವ ತೂಕ ಇಳಿಸುವ ಕ್ಲಿನಿಕ್ಕಿಗೆ ಅವಳನ್ನು ನಾನೇ ಸೇರಿಸಿದ್ದು.

ಮಾರ್ಚ್ 5

ನಲವತ್ತಾರು ಜನರ ಹಾಳೆಗಳು. ಮೂರು ಕಾಲಮ್ಮು: ಏನು ತಿಂದಿರಿ, ಎಷ್ಟು ಕ್ಯಾಲೊರಿ, ಷರಾ. ಮೊದಲ ಎರಡನ್ನು ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಮೂರನೆಯದು ಬೇಡ.

"ಲಿಟರೇಚರ್," ಎಂದರು ಮೇಡಂ — ಸಾಹಿತ್ಯದಲ್ಲಿ ಎಂ.ಎ. ಮಾಡಿದ್ದಕ್ಕೆ ನನ್ನನ್ನು ಹಾಗೇ ಕರೆಯುವುದು — "ಸಾವಿರದ ಇನ್ನೂರರ ಒಳಗಿದ್ರೆ ಹಸಿರು, ದಾಟಿದ್ರೆ ಕೆಂಪು. ಕಥೆ ಯಾರಿಗೆ ಬೇಕಮ್ಮಾ?"

ನನಗೆ ಬೇಕು. ಬಾಯಿ ಬಿಡಲಿಲ್ಲ. ಆದರೆ ಓದುತ್ತೇನೆ. 'ಮಗನ ತಟ್ಟೆ ನೋಡ್ತಾ ಕೂತಿದ್ದೆ.' 'ಕನಸಲ್ಲೂ ಬ್ರೆಡ್ಡು.' ಓದಿ, ಬಿಟ್ಟು, ಮುಂದಿನ ಹಾಳೆ.

ಮಾರ್ಚ್ 9

ಚಿಕ್ಕಮ್ಮನ ಹಾಳೆ ತುಂಬಾ ಬಿಸ್ಕತ್ತು, ಡಬ್ಬಿ ಜ್ಯೂಸು, ಪ್ಯಾಕೆಟ್ ಸೂಪು. ಯಾಕೆಂದು ಕೇಳಿದೆ.

"ಅದರ ಮೇಲೆ ನಂಬರ್ ಅಚ್ಚು ಹಾಕಿರ್ತಾರಲ್ಲ ಪುಟ್ಟೀ. ಸೊಪ್ಪಿನ ಮೇಲೆ ಯಾರು ಬರೆದಿರ್ತಾರೆ? ಲೆಕ್ಕ ತಪ್ಪಿದ್ರೆ ನಿಂಗೇ ಅವಮಾನ."

ನನಗಾಗಿ! ವಾರವಿಡೀ ಹಸಿರು ಚೌಕ. ಒಂದು ಕಿಲೋ ಕಡಿಮೆ. ಮೇಡಂ ಬೋರ್ಡಿನಲ್ಲಿ ಅವಳ ಹೆಸರಿಗೆ ನಕ್ಷತ್ರ ಅಂಟಿಸಿದರು.

ಮಾರ್ಚ್ 20

ಹನ್ನೊಂದು ದಿನ ಬರೆದಿಲ್ಲ. ಬರೆಯುವ ಮುಖವಿಲ್ಲ.

ಚಿಕ್ಕಮ್ಮ ಒಂದು ಕೋಟಿನ ಎಡತೋಳನ್ನು ಬಲಕ್ಕೆ ಹೊಲಿದಳು. ಮೂವತ್ತು ವರ್ಷದಲ್ಲಿ ಮೊದಲ ಸಲ. "ಕಣ್ಣಿಗೆ ಕತ್ತಲೆ ಬಂತು," ಎಂದಳಷ್ಟೇ. ದಾರ ಬಿಚ್ಚಿ ಮತ್ತೆ ಹೊಲಿಯಲು ಕೂತಳು. ಇಳಿದ ಆ ಒಂದು ಕಿಲೋ ಕೂಡ ಮರಳಿ ಬಂದಿದೆ.

ಅವಳ ಹಳೆಯ ಹಾಳೆಗಳನ್ನು ತೆಗೆದೆ. ಹದಿನಾಲ್ಕನೇ ತಾರೀಕಿನ ಷರಾ: 'ಸಂಜೆ ತಡೆಯೋಕಾಗಲಿಲ್ಲ. ಬಿಸ್ಕತ್ತಿನ ಡಬ್ಬಿ ಖಾಲಿ. ಲೆಕ್ಕಕ್ಕೆ ಸೇರಿಸೋಕೆ ನಾಚಿಕೆ.' ಹದಿನಾರರಲ್ಲೂ ಅದೇ. ಎರಡನ್ನೂ ಓದಿದ್ದೆ. ಓದಿ, ಬಿಟ್ಟು, ಹಸಿರು ಹಾಕಿದ್ದೆ. ನಾನೇ.

ಮಾರ್ಚ್ 21

ಇವತ್ತು ಬಾಯಿ ಬಿಟ್ಟೆ.

"ಮೇಡಂ, ಲೆಕ್ಕ ಸರಿಯಿದೆ. ಊಟ ಸರಿಯಿಲ್ಲ."

"ಕ್ಯಾಲೊರಿ ಅಂದ್ರೆ ಕ್ಯಾಲೊರಿ. ಬಿಸ್ಕತ್ತಿಂದ ಬಂದ್ರೇನು, ಬೀನ್ಸಿಂದ ಬಂದ್ರೇನು? ನಿನ್ನ ಎಂ.ಎ.ಲಿ ಇದನ್ನೂ ಹೇಳ್ಕೊಟ್ರಾ?"

"ಇಲ್ಲ. ಓದೋದು ಹೇಳ್ಕೊಟ್ರು. ಷರಾ ಓದಿದೆ."

ಅಂತೂ ಮಾತು ಹೊರಬಂತಲ್ಲ. ಮೇಡಂ ಹೇಳುವುದು ಪೂರ್ತಿ ಸುಳ್ಳೂ ಅಲ್ಲ. ಹೆಚ್ಚು ತಿಂದರೆ ಯಾವುದರಿಂದಲೂ ತೂಕ ಇಳಿಯದು. ಆದರೆ ಹಸಿದ ಹೊಟ್ಟೆ ಸಂಜೆ ನಾಲ್ಕಕ್ಕೆ ಯಾರ ಲೆಕ್ಕವನ್ನೂ ಕೇಳುವುದಿಲ್ಲ. ಈ ಮಾತು ಯಾವ ಚೌಕದಲ್ಲಿದೆ?

ಮನೆಯಲ್ಲಿ ಬೀನ್ಸು, ಮೊಟ್ಟೆ, ಸೊಪ್ಪು ಬೇಯಿಸಿ ಬಡಿಸಿದೆ. ಉಂಡಾದ ಮೇಲೆ ಚಿಕ್ಕಮ್ಮ ಪೆನ್ನು ಹಿಡಿದು ಕೂತಳು.

"ಇದೆಷ್ಟೇ?"

"ಅಂದಾಜಿಗೆ ಬರೀ. ಹೊಟ್ಟೆ ತುಂಬ್ತಾ?"

"ತುಂಬ್ತು ಕಣೇ... ಅದನ್ನೆಲ್ಲಿ ಬರೀಲಿ?"

ಷರಾ ಕಾಲಮ್ಮು ತೋರಿಸಿದೆ.

ಮಾರ್ಚ್ 30, ಬೆಳಗ್ಗೆ 8, ಕ್ಲಿನಿಕ್

ಒಂಬತ್ತು ದಿನಕ್ಕೆ ಚಿಕ್ಕಮ್ಮನ ತೂಕ ಮುಕ್ಕಾಲು ಕಿಲೋ ಇಳಿದಿದೆ. ನಕ್ಷತ್ರಕ್ಕೆ ಸಾಲದು. ಎರಡು ದಿನ ಕೆಂಪು ಬೇರೆ. ಬಿಸ್ಕತ್ತಿನ ಡಬ್ಬಿಯಲ್ಲಿ ಈಗ ಅಂಗಿ ಗುಂಡಿಗಳಿವೆ. ಇವತ್ತು ನಸುಕಿನಲ್ಲಿ ಮನೆಯಲ್ಲಿ ತೂಗುವಾಗ ಅವಳು ಹೇರ್‌ಪಿನ್ ತೆಗೆಯಲಿಲ್ಲ.

ತಿಂಗಳ ವರದಿ ಇವತ್ತು ಕ್ಲಿನಿಕ್ಕಿನ ಡಾಕ್ಟರಿಗೆ ಹೋಗಬೇಕು. "ಷರಾ ಬಿಟ್ಟು," ಎಂದು ನಿನ್ನೆ ಮೇಡಂ ಎರಡು ಸಲ ಹೇಳಿದರು. ನನ್ನ ಮುಖದಲ್ಲಿ ಏನೋ ಕಂಡಿರಬೇಕು.

ಆರಕ್ಕೇ ಬಂದು ಬಾಗಿಲು ತೆಗೆದು, ವರದಿಗೆ ಷರಾಗಳನ್ನು ಟೈಪ್ ಮಾಡತೊಡಗಿದೆ. ಮೊದಲು ಚಿಕ್ಕಮ್ಮನದು. ಹದಿನಾಲ್ಕು, ಹದಿನಾರು, ಒಂದು ಅಕ್ಷರವೂ ತಿದ್ದದೆ. ಆಮೇಲೆ ಬ್ರೆಡ್ಡಿನ ಕನಸಿನವರು. ಮಗನ ತಟ್ಟೆಯವರು. ಟೈಪ್ ಮಾಡಿ ಬೆರಳುಗಳು ನೋಯುತ್ತಿವೆ, ನಡುವೆ ಬಿಡುವಿಗೆ ಡೈರಿಯ ಈ ನಾಲ್ಕು ಸಾಲು. ಕೆಲಸ ಹೋದರೆ ಹೋಗಲಿ.

ಮೂವತ್ತೊಂದು ಹಾಳೆ ಆಯಿತು. ಮೆಟ್ಟಿಲ ಮೇಲೆ ಮೇಡಂ ಚಪ್ಪಲಿ ಸದ್ದು. ಕಂಪ್ಯೂಟರ್ ಪರದೆ ಮುಚ್ಚುವುದಿಲ್ಲ. ಮೂವತ್ತೆರಡನೆಯ ಹಾಳೆ, ಷರಾ —